ಬಾಗದ ದೋಣಿ

“ಗುರುಗಳೇ, ನಾನು ತಪ್ಪಿ ನಡೆದರೆ ನನ್ನ ಮನಸ್ಸೇ ನನಗೆ ಹೇಳುತ್ತದೆ. ಹಾಗಿರುವಾಗ ಇನ್ನೊಬ್ಬರಿಂದ ಹೇಳಿಸಿಕೊಳ್ಳುವುದಕ್ಕೆಂದೇ ಒಂದು ದಿನವನ್ನು ಏಕೆ ಇಟ್ಟುಕೊಳ್ಳಬೇಕು?”

ಹೀಗೆ ಕೇಳಿದ ಶಿಷ್ಯ ಬರುವ ತಿಂಗಳು ಮಠದ ಪೀಠ ಏರಲಿದ್ದ. ಗುರುಗಳಿಗೆ ವಯಸ್ಸಾಗಿತ್ತು. ಮಠದ ಕೆಲಸವನ್ನೆಲ್ಲ ಆಗಲೇ ಅವನ ಕೈಗೆ ಬಿಟ್ಟಿದ್ದರು.

ಆ ಮಠದಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಹುಣ್ಣಿಮೆಯ ಮರುದಿನ ಊಟವಾದ ಮೇಲೆ ಅಡಿಗೆಯವರು, ಕೊಟ್ಟಿಗೆಯವರು, ಓದಲು ಬಂದವರು ಎಲ್ಲರೂ ಪಡಸಾಲೆಯಲ್ಲಿ ಸೇರಬೇಕು. ಮಠ ನಡೆಸುವವನು ಅವರ ಎದುರು ನೆಲದ ಮೇಲೆ ಚಾಪೆ ಹಾಕಿ ಕೂರಬೇಕು. ಯಾರು ಬೇಕಾದರೂ ಎದ್ದು ಅವನ ತಪ್ಪು ಹೇಳಬಹುದು. ಅವನು ಎದುರಾಡುವಂತಿಲ್ಲ. ಇದನ್ನು ಕೈಬಿಟ್ಟು ಆ ಹೊತ್ತಿಗೆ ಭಜನೆ ಇಟ್ಟುಕೊಳ್ಳೋಣ ಎಂಬುದು ಶಿಷ್ಯನ ವಿಚಾರ. ಗುರುಗಳು ಹೂಂ ಎಂದುಬಿಟ್ಟರೆ ಪದ್ಧತಿ ಅಂದಿಗೆ ಮುಗಿಯುತ್ತಿತ್ತು.

ಗುರುಗಳು ಹೂಂ ಎನ್ನಲಿಲ್ಲ, ಊಹೂಂ ಎಂದೂ ಹೇಳಲಿಲ್ಲ. “ಕೂತುಕೋ. ಒಂದು ದೋಣಿಯ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ” ಎಂದು ಶುರುಮಾಡಿದರು.

ಸಮುದ್ರದ ದಂಡೆಯ ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಗೇರುಬೀಜದ ವ್ಯಾಪಾರ. ಅವನ ಹೆಂಡತಿಯ ತಂಗಿಯನ್ನು ದೂರದ ಒಂದು ದ್ವೀಪಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಅಲ್ಲಿಗೆ ಒಂದು ಹಗಲಿನ ದಾರಿ. ಆದರೆ ಅಕ್ಕನಿಗೆ ದೋಣಿಯೆಂದರೆ ಆಗದು. ಒಂದು ಸಲ ಓಲಾಡಿದರೆ ಸಾಕು, ಹೊಟ್ಟೆಯಲ್ಲಿದ್ದುದೆಲ್ಲ ಬಾಯಿಗೆ ಬರುತ್ತಿತ್ತು. ಎರಡು ಸಲ ಹೊರಟಿದ್ದಳು. ಎರಡು ಸಲವೂ ಹೊಳೆ ಸಮುದ್ರ ಸೇರುವ ಅಳಿವೆ ದಾಟುವ ಮೊದಲೇ ತಿರುಗಿ ಬಂದಿದ್ದಳು. ತಂಗಿಗೆ ಕಾಲಿನ ಸ್ವಾಧೀನ ತಪ್ಪಿತ್ತು, ಅವಳು ಈಚೆ ಬರುವಂತಿರಲಿಲ್ಲ. ಹನ್ನೊಂದು ವರ್ಷದಿಂದ ಅಕ್ಕತಂಗಿಯರು ಫೋನಿನಲ್ಲಿ ಮಾತಾಡುವುದು, ಮಾತು ಮುಗಿಸಿ ಇಬ್ಬರೂ ಅಳುವುದು, ಇಷ್ಟೇ ನಡೆದಿತ್ತು. ವರ್ತಕನಿಗೆ ಹೆಂಡತಿಯ ಮೇಲೆ ಪ್ರಾಣ. ಅವಳ ಅಳು ಅವನಿಗೆ ನೋಡಲಾಗುತ್ತಿರಲಿಲ್ಲ.

ಅವನು ಒಂದು ದೋಣಿ ಕಟ್ಟಿಸಿದ. ಅಂಥದನ್ನು ಆ ಊರು ಕಂಡಿರಲಿಲ್ಲ. ಅದಕ್ಕೆ ಒಂದಲ್ಲ, ಎರಡು ಒಡಲು. ಎರಡೂ ಅಕ್ಕಪಕ್ಕ, ನಡುವೆ ನೀರು ಹರಿದುಹೋಗುವಷ್ಟು ಜಾಗ, ಮೇಲೆ ಎರಡನ್ನೂ ಕೂಡಿಸಿ ಒಂದು ಹಜಾರ. ಹಜಾರಕ್ಕೆ ಸುತ್ತಲೂ ಗಾಜು. ಮೆಟ್ಟಿಲಿಳಿದು ಒಡಲುಗಳೊಳಗೆ ಹೋದರೆ ನಾಲ್ಕು ಮಲಗುವ ಕೋಣೆ, ನಾಲ್ಕಕ್ಕೂ ಬೇರೆ ಬೇರೆ ಬಚ್ಚಲು. ಅಡಿಗೆಗೆ ಒಲೆ, ಫ್ರಿಜ್ಜು, ಮಿಕ್ಸಿ. ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ. ಮಾಡಿನ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳು. ಮುಂದೆ ಎರಡು ಮೂತಿಗಳ ನಡುವೆ ಬಿಗಿದು ಕಟ್ಟಿದ ಬಲೆ, ಬೇಕಾದರೆ ಅದರ ಮೇಲೆ ಮೈಚಾಚಿ ಮಲಗಬಹುದು. ಹಿಂದೆ ತೂಗುಹಾಕಿದ ಒಂದು ಮರಿದೋಣಿ. ಹಾಯಿ ಏರಿಸಲು ಒಂದು ಗುಂಡಿ, ಲಂಗರು ಎತ್ತಲು ಇನ್ನೊಂದು ಗುಂಡಿ. ಹೇಳಿದ ದಿಕ್ಕಿಗೆ ಚುಕ್ಕಾಣಿಯನ್ನು ತಾನೇ ಹಿಡಿದು ಹೋಗುವ ಯಂತ್ರವೂ ಇತ್ತು. ಹಾಯಿಕಂಬದ ತುದಿಯಲ್ಲಿ ಗಾಳಿ ಅಳೆಯುವ ಪುಟ್ಟ ಬಟ್ಟಲುಗಳು ತಿರುಗುತ್ತಿದ್ದವು. ಗಾಳಿ ಎಷ್ಟೆಂಬ ಅಂಕಿ ಹಜಾರದ ಗೋಡೆಯ ಮೇಲೆ ಕಾಣುತ್ತಿತ್ತು. ನೀನು ಏರಲಿರುವ ಪೀಠದಲ್ಲೂ ಇಷ್ಟು ಅನುಕೂಲವಿಲ್ಲ, ತಿಳಿದುಕೋ.

ಇವೆಲ್ಲಕ್ಕಿಂತ ದೊಡ್ಡ ಅನುಕೂಲ ಬೇರೆ. ಎರಡು ಕಾಲು ಅಗಲಿಸಿ ನಿಂತವನ ಹಾಗೆ ಆ ದೋಣಿ ನೀರಿನ ಮೇಲೆ ನಿಲ್ಲುತ್ತಿತ್ತು. ಬಾಗುತ್ತಿರಲಿಲ್ಲ. ವರ್ತಕ ಹೆಂಡತಿಯನ್ನು ಕೂರಿಸಿಕೊಂಡು, ಅವಳ ಮುಂದೆ ಮೇಜಿನ ಮೇಲೆ ಒಂದು ಲೋಟ ಮಜ್ಜಿಗೆ ಇಟ್ಟು, ಅಳಿವೆಯಾಚೆ ಹೋಗಿ ಬಂದ. ಒಂದು ತೊಟ್ಟೂ ತುಳುಕಲಿಲ್ಲ. ಅವಳ ಹೊಟ್ಟೆಯೂ ತೊಳಸಲಿಲ್ಲ. ಇಳಿಯುವಾಗ ಅವಳು ಕಣ್ಣೊರೆಸಿಕೊಂಡಳು. ಈ ಸಲದ ಅಳು ಬೇರೆಯದು.

ದೋಣಿ ನಡೆಸಲು ಊರಿನ ಹಿರಿಯ ತಾಂಡೇಲನನ್ನು ಕರೆದರು. ತಾಂಡೇಲನೆಂದರೆ ದೋಣಿಯನ್ನು ಆಳುವವನು; ನೀರಿನ ಮೇಲೆ ಅವನ ಮಾತಿಗೆ ಮಾತಿಲ್ಲ. ಇವನು ನಲವತ್ತು ವರ್ಷ ಒಂಟಿ ಒಡಲಿನ ದೋಣಿಯಲ್ಲಿ ಹಾಯಿ ಕಟ್ಟಿದವನು. ಬರಿಗಾಲಿನಲ್ಲಿ ನಿಲ್ಲುತ್ತಿದ್ದ. ಗಾಳಿ ಏರಿದರೆ ದೋಣಿ ಬಾಗುತ್ತದೆ, ಬಾಗಿದ್ದು ಅಂಗಾಲಿಗೆ ತಿಳಿಯುತ್ತದೆ, ಅಂಗಾಲು ಹೇಳಿದ ಕೂಡಲೇ ಕೈ ಹಾಯಿಯನ್ನು ಮಡಚಿ ಕಿರಿದು ಮಾಡುತ್ತದೆ. ನಡುವೆ ತಲೆಗೆ ಕೆಲಸವೇ ಇರಲಿಲ್ಲ. ಆ ಕಾಲಿನಿಂದ ಅವನು ಎಷ್ಟೋ ಜೀವ ಉಳಿಸಿದ್ದ. ಊರಿನವರು ಅವನ ಕಾಲಿಗೆ ಕೈಮುಗಿಯುವುದೊಂದು ಬಾಕಿಯಿತ್ತು.

ದೋಣಿ ಒಪ್ಪಿಸುವ ದಿನ ಕಟ್ಟಿದವನು ಬಂದು ಒಂದು ಕಾಗದ ಕೊಟ್ಟ. ಗಾಳಿಯ ಅಂಕಿ ಹದಿನೆಂಟಾದರೆ ಹಾಯಿಗೆ ಒಂದು ಮಡಿಕೆ, ಇಪ್ಪತ್ನಾಲ್ಕಾದರೆ ಎರಡು ಮಡಿಕೆ, ಮೂವತ್ತಾದರೆ ಹಾಯಿಯನ್ನು ಪೂರ್ತಿ ಇಳಿಸಬೇಕು ಎಂದು ಅದರಲ್ಲಿ ಬರೆದಿತ್ತು. “ಒಂಟಿ ಒಡಲು ಬಾಗಿ ತನ್ನ ಕಷ್ಟ ಹೇಳಿಕೊಳ್ಳುತ್ತದೆ. ಇದು ಹೇಳುವುದಿಲ್ಲ. ಹೇಳದೆಯೇ ಒಂದು ಗಳಿಗೆಯಲ್ಲಿ ಮಗುಚುತ್ತದೆ. ಮಗುಚಿದರೆ ತಾನಾಗಿ ಏಳುವುದಿಲ್ಲ” ಎಂದ. ತಾಂಡೇಲ ಅವನ ಕೈ ನೋಡಿದ. ಹಗ್ಗ ಎಳೆದ ಗುರುತಿಲ್ಲದ ನುಣ್ಣನೆಯ ಕೈ. ಇವನೇನು ನನಗೆ ಗಾಳಿ ಕಲಿಸುವುದು ಎಂದುಕೊಂಡು ಕಾಗದವನ್ನು ಗೋಡೆಗೆ ಅಂಟಿಸಿ ಮರೆತುಬಿಟ್ಟ.

ಅದನ್ನು ಓದಿದವಳು ವರ್ತಕನ ಹೆಂಡತಿ. ನೀರಿಗೆ ಹೆದರುವವಳಲ್ಲವೇ, ಆ ದೋಣಿಯ ಬಗ್ಗೆ ಏನೇ ಬರೆದಿದ್ದರೂ ಹುಡುಕಿ ಓದುತ್ತಿದ್ದಳು.

ಬೆಳಕು ಹರಿಯುವಾಗ ಹೊರಟರು. ಮೂವರೇ. ಗಾಳಿ ಬಲಗಡೆಯಿಂದ ಬೀಸುತ್ತಿತ್ತು, ದೋಣಿ ಜಾರಿದಂತೆ ಹೋಗುತ್ತಿತ್ತು. ಚುಕ್ಕಾಣಿಯನ್ನು ಯಂತ್ರಕ್ಕೆ ಕೊಟ್ಟು ತಾಂಡೇಲ ಕೈಕಟ್ಟಿ ನಿಂತಿದ್ದ. ಕೆಲಸವಿಲ್ಲದ ಕೈಯನ್ನು ಎಲ್ಲಿಡುವುದೆಂದು ಅವನಿಗೆ ತಿಳಿಯುತ್ತಿರಲಿಲ್ಲ. ವರ್ತಕ ತಾನೇ ಮಿಕ್ಸಿ ತಿರುಗಿಸಿ ಕಾಯಿಚಟ್ನಿ ಮಾಡಿದ. ನಡುಸಮುದ್ರದಲ್ಲಿ ದೋಸೆಯಾಯಿತು. ಹೆಂಡತಿ ಎರಡು ದೋಸೆ ತಿಂದು ಮೂರನೆಯದು ಕೇಳಿದಳು. ಹನ್ನೊಂದು ವರ್ಷದ ಭಾರ ಇಳಿದವನಂತೆ ವರ್ತಕ ನಕ್ಕ.

ನಡುಹಗಲಿಗೆ ಅವಳು ಗೋಡೆ ನೋಡಿ, “ತಾಂಡೇಲ್ರೇ, ಹದಿನೆಂಟು ಆಯ್ತಲ್ಲ. ಹಾಯಿ ಮಡಚ್ಬೇಕಂತ ಬರ್ದಿದ್ದಾರೆ” ಎಂದಳು.

“ನೀವು ಹೆದರ್ಬೇಡಿ ಅಮ್ಮ. ಗಾಳಿ ಎಷ್ಟಂತ ನನ್ನ ಕಾಲೇ ಹೇಳ್ತದೆ. ಕಾಗದ ಓದಿ ಹಾಯಿ ಮಡಚಿದವ ನಾನಲ್ಲ” ಎಂದ ತಾಂಡೇಲ.

ಅವನು ಸುಳ್ಳು ಹೇಳಲಿಲ್ಲ. ಅಂಗಾಲನ್ನು ಹಲಗೆಗೆ ಒತ್ತಿ ನಿಂತ. ಹಲಗೆ ಮನೆಯ ಜಗಲಿಯಷ್ಟೇ ಸಪಾಟಾಗಿತ್ತು. ಎಲ್ಲ ಸರಿಯಿದೆ ಎಂದು ಅವನಿಗೆ ಖಾತ್ರಿಯಾಯಿತು.

ಇನ್ನೊಂದು ಗಂಟೆಗೆ ಅಂಕಿ ಇಪ್ಪತ್ನಾಲ್ಕಾಯಿತು. ಅವಳು ಮತ್ತೆ ಹೇಳಿದಳು. ಈ ಸಲ ವರ್ತಕನೇ ಉತ್ತರ ಕೊಟ್ಟ. “ನೋಡು ಮಾರಾಯ್ತಿ, ಇವತ್ತೂ ಮೇಜಿನ ಮೇಲಿನ ಮಜ್ಜಿಗೆ ಅಲ್ಲಾಡ್ತಾ ಇಲ್ಲ. ಇದೇ ವೇಗದಲ್ಲಿ ಹೋದ್ರೆ ಸಂಜೆ ಕಾಫಿ ತಂಗಿ ಮನೆಯಲ್ಲಿ.” ತಾಂಡೇಲ ಮೀಸೆಯೊಳಗೇ ನಕ್ಕ. ಅವಳು ಸುಮ್ಮನಾದಳು. ಇಬ್ಬರು ತಿಳಿದವರು ಸರಿಯಿದೆ ಎನ್ನುವಾಗ ಹೆದರುಪುಕ್ಕಲಿಯ ಮಾತಿಗೆ ಬೆಲೆಯೆಲ್ಲಿ? ತಾನು ಹೆದರಿಯೇ ಎಲ್ಲರ ಸಂತೋಷ ಹಾಳುಮಾಡುವವಳು ಎಂದು ಅವಳಿಗೂ ಅನ್ನಿಸಿತು. ಸ್ವಲ್ಪ ಮಲಗುತ್ತೇನೆ ಎಂದು ಮೆಟ್ಟಿಲಿಳಿದು ಬಲಗಡೆಯ ಒಡಲಿನ ಕೋಣೆಗೆ ಹೋದಳು.

ಹೋದಷ್ಟೇ ಬೇಗ ಮೇಲೆ ಬಂದಳು. “ತಾಂಡೇಲ್ರೇ, ಬೆಳಗ್ಗೆಯಿಂದ ಆ ಕೋಣೆಯಲ್ಲಿ ಗೋಡೆಯಾಚೆ ನೀರಿನ ಸದ್ದಿತ್ತು. ಈಗ ಯಾಕೆ ಒಂಚೂರೂ ಇಲ್ಲ?”

ತಾಂಡೇಲ ಬಲಗಡೆಗೆ ಓಡಿ ಕಟಾಂಜನ ಹಿಡಿದು ಕೆಳಗೆ ಬಗ್ಗಿ ನೋಡಿದ. ನೀರಿನಲ್ಲಿರಬೇಕಾದ ಒಡಲು ನೀರಿನಲ್ಲಿರಲಿಲ್ಲ. ಅದರ ಅಡಿಭಾಗ ಒದ್ದೆಯಾಗಿ ಬಿಸಿಲಿಗೆ ಹೊಳೆಯುತ್ತಿತ್ತು. ಮೇಲೆದ್ದದ್ದು ಗೇಣಷ್ಟೇ; ಅಷ್ಟು ಅಗಲದ ದೋಣಿಯಲ್ಲಿ ಆ ಓರೆ ಅಂಗಾಲಿಗೆ ತಿಳಿಯುವಂತಿರಲಿಲ್ಲ. ಹಿಂದಿನ ತುದಿಯೊಂದು ಮಾತ್ರ ನೀರಿಗೆ ತಾಗಿಯೂ ತಾಗದಂತಿತ್ತು. ಗೋಡೆಯ ಅಂಕಿ ಇಪ್ಪತ್ತೊಂಬತ್ತು. ಇನ್ನೊಂದು ಬೀಸು ಸಾಕಿತ್ತು. ಹಜಾರ, ಒಲೆ, ಮಿಕ್ಸಿ, ನಾಲ್ಕು ಕೋಣೆ, ಮೂರು ಜೀವ ಎಲ್ಲ ಬೋರಲು.

ಅವನದು ನಲವತ್ತು ವರ್ಷದ ಕೈ. ಹಾಯಿಯನ್ನು ಬಿಗಿಹಿಡಿದಿದ್ದ ಹಗ್ಗವನ್ನು ಒಂದೇ ಏಟಿಗೆ ಸಡಿಲಿಸಿದ. ಹಾಯಿ ಗಾಳಿ ಬಿಟ್ಟು ಪಟಪಟ ಬಡಿಯಿತು. ಮೇಲೆದ್ದ ಒಡಲು ಧಡ್ ಎಂದು ನೀರಿಗೆ ಬಿತ್ತು. ಮಜ್ಜಿಗೆಯ ಲೋಟ ಹಾರಿ ವರ್ತಕನ ಪಂಚೆಯ ಮೇಲೆ ಚೆಲ್ಲಿತು. ತಾಂಡೇಲ ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿದ. ಹಾಯಿ ಇಳಿಸಿದರು, ಎರಡು ಮಡಿಕೆ ಮಡಚಿ ಕಟ್ಟಿದರು, ಸಾಲದೆಂದು ಮೂರನೆಯದನ್ನೂ ಮಡಚಿದರು. ದೋಣಿ ಮತ್ತೆ ಹೊರಟಿತು. ಬಲಗಡೆಯ ಕೋಣೆಯಲ್ಲಿ ನೀರಿನ ಸದ್ದು ಕೇಳತೊಡಗಿತು.

ತಾಂಡೇಲ ತನ್ನ ಎರಡು ಕಾಲುಗಳನ್ನು ನೋಡುತ್ತ ಕೂತ. ಅವನಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ದುಃಖವಾಗಿತ್ತು. ಈ ಕಾಲು ಎಂದೂ ಅವನಿಗೆ ಸುಳ್ಳು ಹೇಳಿರಲಿಲ್ಲ. ಯೋಚಿಸಿದರೆ ಇವತ್ತೂ ಹೇಳಿರಲಿಲ್ಲ. ಅದು ಏನನ್ನೂ ಹೇಳಿರಲಿಲ್ಲ, ಅಷ್ಟೇ. ಅದು ಸುಮ್ಮನಿದ್ದುದನ್ನು ಇವನು ಎಲ್ಲ ಸರಿಯಿದೆ ಎಂದು ಕೇಳಿಸಿಕೊಂಡಿದ್ದ.

ಕೊನೆಗೆ ಎದ್ದು ವರ್ತಕನ ಹೆಂಡತಿಯ ಬಳಿ ಬಂದ. “ಅಮ್ಮ, ಇನ್ನು ಅಂಕಿ ಓದುವ ಕೆಲಸ ನಿಮ್ದು. ನೀವು ಓದಿದ ಕೂಡ್ಲೇ ನಾನು ಮಡಚ್ತೇನೆ. ಬೇಕಾ ಬೇಡ್ವಾ ಅಂತ ನನ್ನತ್ರ ಕೇಳ್ಬೇಡಿ.”

“ನೀವೇ ಬೇಡ ಅಂದ್ರೆ?”

“ನಾನು ಬೇಡ ಅಂದ್ರೆ ಇನ್ನೂ ಗಟ್ಟಿಯಾಗಿ ಓದಿ.”

ಕಾಫಿಯ ಹೊತ್ತು ತಪ್ಪಿತು. ದೀಪ ಹಚ್ಚುವ ಹೊತ್ತಿಗೆ ದ್ವೀಪ ಸೇರಿದರು. ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ದೋಣಿ ನಿಲ್ಲುವ ಧಕ್ಕೆಗೆ ಕರೆತಂದಿದ್ದರು. ಅಕ್ಕ ತನ್ನ ಕಾಲ ಮೇಲೆ ತಾನೇ ಇಳಿದು ನಡೆದು ಹೋಗಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಇಬ್ಬರೂ ಏನು ಮಾತಾಡಿದರೋ ಯಾರಿಗೂ ತಿಳಿಯಲಿಲ್ಲ. ವರ್ತಕ ಮಜ್ಜಿಗೆಯ ಪಂಚೆಯಲ್ಲೇ ನಿಂತು ನೋಡುತ್ತಿದ್ದ.

ಎಂಟು ದಿನ ಅಲ್ಲಿದ್ದು ಹಿಂದಿರುಗಿದರು. ಬರುವಾಗ ಆಕಾಶ ತಿಳಿಯಾಗಿತ್ತು, ಅಲೆ ದೊಡ್ಡದಿರಲಿಲ್ಲ. ಅವಳು ಹದಿನೆಂಟು ಎಂದಳು. ತಾಂಡೇಲನ ಕಾಲು ಏನೂ ಹೇಳಲಿಲ್ಲ. ಅವನು ಎದ್ದು ಹಾಯಿ ಮಡಚಿದ. ಇಷ್ಟಕ್ಕೆಲ್ಲ ಮಡಚುವುದೇ ಎಂದು ಎದುರಿನ ಮೀನುದೋಣಿಯವರು ಕೂಗಿ ನಕ್ಕರು. ಅವನೂ ನಕ್ಕು ಕೈಬೀಸಿದ. ಆಮೇಲೆ ಅವಳು ವರ್ಷಕ್ಕೆ ಎರಡು ಸಲ ತಂಗಿಯ ಮನೆಗೆ ಹೋಗಿಬಂದಳು. ನೀರಿನ ಭಯ ಅವಳಿಗೆ ಹೋಗಲಿಲ್ಲ. ಆ ಭಯ ಹೋಗುವುದೇ ಬೇಡವೆಂದು ತಾಂಡೇಲ ದೇವರಿಗೆ ಹರಕೆ ಹೊತ್ತಿದ್ದನೆಂದು ಹೇಳುತ್ತಾರೆ.

ಗುರುಗಳು ಕತೆ ಮುಗಿಸಿ ನೀರು ಕುಡಿದರು.

ಶಿಷ್ಯ ಕೈಮುಗಿದ. “ಕತೆ ಚೆನ್ನಾಗಿದೆ ಗುರುಗಳೇ. ಆದರೆ ನನ್ನ ವಿಷಯದಲ್ಲಿ ತಮಗೆ ಚಿಂತೆ ಬೇಡ. ತಾವು ಮಠವನ್ನು ನನ್ನ ಕೈಗೆ ಕೊಟ್ಟ ಮೇಲೆ ಹನ್ನೆರಡು ಹುಣ್ಣಿಮೆ ಕಳೆದವು. ಹನ್ನೆರಡು ಸಲವೂ ತಪ್ಪದೆ ಆ ಚಾಪೆಯ ಮೇಲೆ ಕೂತಿದ್ದೇನೆ. ಒಬ್ಬರಾದರೂ ಎದ್ದು ನನ್ನದೊಂದು ತಪ್ಪು ಹೇಳಿಲ್ಲ.”

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

“ಆ ಹನ್ನೆರಡು ಸಲದ ಮೌನವನ್ನು ಓದಿಯೇ ಮಗು, ನಿನ್ನನ್ನು ಕೂರಿಸಿ ಈ ಕತೆ ಹೇಳಿದ್ದು. ನೀನು ಪೀಠ ಏರುವ ಮೊದಲು ಹಾಯಿ ಮಡಚಲು ಇನ್ನೂ ಒಂದು ತಿಂಗಳಿದೆ.”