ಕೊನೆಯ ಮನೆಯ ನೀರು

"ಗುರುಗಳೇ, ಪಾಠ ಹೇಳಲು ನನಗೆ ಮೂರೇ ಹಳ್ಳಿ ಗೊತ್ತುಮಾಡಿದ್ದೀರಿ. ಪಕ್ಕದ ಪೇಟೆಯವರೂ ಕರೆಯುತ್ತಿದ್ದಾರೆ. ಒಳ್ಳೆಯದನ್ನು ಹಂಚುವವನಿಗೆ ಎಲ್ಲೆ ಏಕೆ, ಅಪ್ಪಣೆ ಏಕೆ?" ಎಂದು ಶಿಷ್ಯ ಚೆನ್ನಮಲ್ಲ ಕೇಳಿದ.

ಗುರುಗಳು ನಕ್ಕು ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ಗುಡ್ಡದ ಚಿಲುಮೆಯಿಂದ ಮಣ್ಣಿನ ಕೊಳವೆ ಹಾಕಿ ಮನೆಮನೆಗೆ ನೀರು ಕೊಡುವುದು ಅವನ ಕಸುಬು. ಇಷ್ಟು ಕೇರಿ ಇವನದು ಎಂದು ಅರಸ ಗೆರೆ ಎಳೆದು ಕೊಟ್ಟಿದ್ದ. ಅದರೊಳಗೆ ಬೇರೆ ಯಾರೂ ಕೊಳವೆ ಹಾಕುವಂತಿರಲಿಲ್ಲ. ವರ್ಷಕ್ಕೊಮ್ಮೆ ಅರಸನ ಅಧಿಕಾರಿ ಬಂದು, ನೀರು ಕುಡಿದು ನೋಡಿ, ಅಪ್ಪಣೆಯ ಮುದ್ರೆ ಒತ್ತಬೇಕು. ಮುದ್ರೆ ಬೀಳದಿದ್ದರೆ ಕಸುಬು ಮುಗಿದಂತೆ.

ಒಂದು ವರ್ಷ ವರ್ತಕನ ಕಣ್ಣು ಗೆರೆಯಾಚೆಯ ಅಕ್ಕಸಾಲಿಗರ ಬೀದಿಯ ಮೇಲೂ ಬಿದ್ದಿತ್ತು. ಬಂದವನು ಹೊಸ ಅಧಿಕಾರಿ. ಹಿಂದಿನವರೆಲ್ಲ ಚಿಲುಮೆಯ ಬಳಿಯೇ ಕುಡಿದು ಮುದ್ರೆ ಒತ್ತಿ ಹೋಗಿದ್ದರು. ವರ್ತಕ ಅಲ್ಲೇ ಚಪ್ಪರ ಹಾಕಿಸಿ, ಬೆಳ್ಳಿ ಲೋಟದಲ್ಲಿ ತಣ್ಣೀರು ಹಿಡಿದು ನಿಂತ.

ಅಧಿಕಾರಿ ಲೋಟ ಮುಟ್ಟಲಿಲ್ಲ. "ಚಿಲುಮೆಯ ನೀರು ದೇವರದು, ಶೆಟ್ಟರೇ. ನಾನು ನಿಮ್ಮ ನೀರು ಕುಡಿಯಬೇಕು. ನಿಮ್ಮ ಗೆರೆಯ ಕೊನೆಯ ಮನೆಗೆ ನಡೆಯಿರಿ" ಎಂದ.

ಕೊನೆಯ ಮನೆ ಯಾವುದೆಂದು ವರ್ತಕನಿಗೇ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಕೇಳಿಕೊಂಡು ಹೋದ. ಅದು ನೂಲಿಗೆ ಬಣ್ಣ ಹಾಕುವ ಒಬ್ಬ ಮುದುಕಿಯ ಮನೆ. ಕೊಳವೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಅಷ್ಟೆ. ಅಧಿಕಾರಿ ಅದರ ಕೆಳಗೆ ಲೋಟ ಇಟ್ಟು ಬಿಸಿಲಲ್ಲೇ ಕುಳಿತ. ವರ್ತಕನೂ ಕುಳಿತ. ಲೋಟ ತುಂಬುವಷ್ಟರಲ್ಲಿ ಇಬ್ಬರ ನಾಲಗೆಯೂ ಒಣಗಿತ್ತು. "ಮೊದಲು ನೀವು" ಎಂದು ಅಧಿಕಾರಿ ಲೋಟ ಚಾಚಿದ. ಒಂದೇ ಗುಟುಕಿಗೆ ವರ್ತಕನ ಬಾಯಲ್ಲಿ ಮಣ್ಣು ಸಿಕ್ಕಿತು. ಇನ್ನು ತನ್ನ ಕಸುಬು ಹೋಯಿತು ಎಂದುಕೊಂಡ.

"ಅಪ್ಪಣೆ ಕಿತ್ತುಕೊಂಡರೆ ಈ ಅಜ್ಜಿಗೆ ಈ ಹನಿಯೂ ತಪ್ಪುತ್ತದೆ" ಎಂದ ಅಧಿಕಾರಿ. "ಹುಣ್ಣಿಮೆಯೊಳಗೆ ಸರಿಮಾಡಿ. ಅಲ್ಲಿಯವರೆಗೆ ನಾನು ಕುಡಿಯುವ ನೀರೂ ಇದೇ."

ಎಂಥ ಮನುಷ್ಯ! ಆಡಿದಂತೆ ದಿನವೂ ಬಂದು ಆ ಕೆಸರು ನೀರನ್ನೇ ಕುಡಿದ. ಅದನ್ನು ನೋಡಿ ನೋಡಿ ವರ್ತಕನಿಗೆ ತನ್ನ ಮನೆಯ ನೀರು ಗಂಟಲಲ್ಲಿ ಇಳಿಯದಾಯಿತು. ಹುಣ್ಣಿಮೆಗೆ ಮುಂಚೆಯೇ ನೆಲ ಅಗೆಸಿ, ಒಡೆದ ಕೊಳವೆಗಳನ್ನೆಲ್ಲ ಬದಲಿಸಿದ. ಮುದುಕಿಯ ಅಂಗಳದಲ್ಲೇ ಮುದ್ರೆ ಬಿತ್ತು. ಅಕ್ಕಸಾಲಿಗರ ಬೀದಿಯ ಮಾತನ್ನು ಅವನು ಎತ್ತಲೇ ಇಲ್ಲ.

ಚೆನ್ನಮಲ್ಲ ತಲೆದೂಗಿದ. "ಆ ಅಧಿಕಾರಿ ದೊಡ್ಡವನು, ಗುರುಗಳೇ."

"ಹೌದಪ್ಪ. ನಿನ್ನ ಮೂರು ಹಳ್ಳಿಗಳ ಕೊನೆಯ ಮನೆಯಲ್ಲಿ ಯಾರಿದ್ದಾರೆ, ಹೇಳು?"