ಎರಡು ಕತ್ತಿಗಳ ಕ್ಷೌರಿಕ

“ಗುರುಗಳೇ, ಕ್ಷೌರದ ಸಾಮಾನಿನಲ್ಲಿ ಯಾವುದಕ್ಕೆ ಹೆಚ್ಚು ಹಣ ಹಾಕಿದರೆ ಸಾರ್ಥಕ?” ಎಂದು ಅಡವೀಶ ಕೇಳಿದ.

ಅಡವೀಶ ಮಠದ ಶಿಷ್ಯ. ಮಠದಲ್ಲಿ ಇರುವವರ ತಲೆ, ಗಡ್ಡ ಬೋಳಿಸುವುದು ಅವನ ಪಾಲಿಗೆ ಬಂದ ಸೇವೆ. ಭಕ್ತರೊಬ್ಬರು ಹೊಸ ಸಾಮಾನು ತರಲೆಂದು ಹಣ ಕೊಟ್ಟಿದ್ದರು. ಆ ಹಣಕ್ಕೆ ಎಲ್ಲವೂ ಮೇಲ್ತರದ್ದು ಬರುತ್ತಿರಲಿಲ್ಲ, ಯಾವುದಾದರೂ ಒಂದು ಬರುತ್ತಿತ್ತು. ಕತ್ತಿಯೋ, ಸಾಣೆಕಲ್ಲೋ, ಬ್ರಷ್ಷೋ, ಬಟ್ಟಲೋ ಎಂಬುದು ಅವನಿಗೆ ಬಗೆಹರಿದಿರಲಿಲ್ಲ. ಅಂಗಡಿಯವನು ಕತ್ತಿ ಎಂದಿದ್ದ. ಅಡುಗೆಯವರು ಸೋಪು ಎಂದಿದ್ದರು. ಯಾವುದನ್ನೇ ತಂದರೂ ಅದನ್ನು ಜೋಪಾನವಾಗಿ ಎತ್ತಿಡುತ್ತೇನೆ, ದಿನದ ಬಳಕೆಗೆ ಹೇಗೂ ಹಳೆಯದು ಇದೆ ಎಂದು ಅವನು ಭರವಸೆಯನ್ನೂ ಕೊಟ್ಟ.

ಈ ಕೊನೆಯ ಮಾತಿಗೆ ಗುರುಗಳ ಮುಖ ಬಿಗಿಯಿತು. ಅವರಿಗೆ ಸಿಟ್ಟು ಬಂದಿತ್ತು. ಆದರೆ ಅವರು ಬೈಯಲಿಲ್ಲ, ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕ್ಷೌರಿಕನಿದ್ದ. ಅವನ ಬಳಿ ಎರಡು ಕತ್ತಿಗಳಿದ್ದವು. ಒಂದು ಅವನ ತಂದೆಯ ಕಾಲದ್ದು, ಸವೆದು ಅಲಗಿನಲ್ಲಿ ಸಣ್ಣ ಹಲ್ಲುಗಳೆದ್ದಿದ್ದವು. ಇನ್ನೊಂದು ಹೊಸದು. ಅದನ್ನು ಅವನು ಎರಡು ವರ್ಷ ಉಳಿತಾಯ ಮಾಡಿ, ದೂರದ ಪಟ್ಟಣದಿಂದ ತರಿಸಿಕೊಂಡಿದ್ದ. ಹೊಸ ಕತ್ತಿಯನ್ನು ಅವನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದ.

ಆ ಕತ್ತಿ ಒಬ್ಬನಿಗೆ ಮಾತ್ರ ಹೊರಗೆ ಬರುತ್ತಿತ್ತು. ಅವನು ಬಟ್ಟೆಯ ವ್ಯಾಪಾರಿ. ವ್ಯಾಪಾರಿ ದಿನ ಬಿಟ್ಟು ದಿನ ಕ್ಷೌರ ಮಾಡಿಸಿಕೊಳ್ಳುತ್ತಿದ್ದ. ಹಾಗಾಗಿ ಅವನ ಮುಖದಲ್ಲಿ ಗಡ್ಡವೆಂಬುದು ಇರುತ್ತಲೇ ಇರಲಿಲ್ಲ, ಬೆರಳಾಡಿಸಿದರೆ ತಿಳಿಯುವಷ್ಟು ಮಾತ್ರ ಇರುತ್ತಿತ್ತು. ಬಿಸಿನೀರು ಅವನಿಗೆ, ಹೊಸ ನೊರೆ ಅವನಿಗೆ, ಒಳ್ಳೆಯ ಕತ್ತಿ ಅವನಿಗೆ. ವ್ಯಾಪಾರಿ ಕೆನ್ನೆ ಸವರಿಕೊಂಡು ಭೇಷ್ ಎನ್ನುತ್ತಿದ್ದ. ಕತ್ತಿಗೆ ಹಾಕಿದ ಹಣ ಸಾರ್ಥಕವಾಯಿತೆಂದು ಕ್ಷೌರಿಕ ಹಿಗ್ಗುತ್ತಿದ್ದ.

ಅದೇ ಅಂಗಡಿಗೆ ಸುಣ್ಣದ ಗೂಡಿನ ಕೂಲಿಯವನೊಬ್ಬ ವಾರಕ್ಕೊಮ್ಮೆ ಬರುತ್ತಿದ್ದ. ಸುಣ್ಣದ ಗೂಡೆಂದರೆ ಕಲ್ಲು ಸುಟ್ಟು ಸುಣ್ಣ ತೆಗೆಯುವ ಜಾಗ. ಅಲ್ಲಿ ಗಡ್ಡ ಬಿಡುವಂತಿಲ್ಲ. ಏಕೆಂದರೆ ಸುಣ್ಣದ ಪುಡಿ ಗಡ್ಡದೊಳಗೆ ಕೂತು, ಬೆವರಿಗೆ ನೆನೆದು ಚರ್ಮವನ್ನು ಸುಡುತ್ತದೆ. ಅದಕ್ಕಾಗಿ ಮೇಸ್ತ್ರಿ ಪ್ರತಿ ಸೋಮವಾರ ಒಬ್ಬೊಬ್ಬರ ಮುಖ ನೋಡಿಯೇ ಒಳಗೆ ಬಿಡುತ್ತಿದ್ದ. ಕೂಲಿಯವನದು ವಾರದ ಗಡ್ಡ, ಸುಣ್ಣ ಹಿಡಿದು ತಂತಿಯಂತಾದ ಗಡ್ಡ. ಅವನಿಗೆ ಸಿಗುತ್ತಿದ್ದುದು ತಣ್ಣೀರು, ಬಟ್ಟಲಿನ ತಳದಲ್ಲಿ ಉಳಿದ ನೊರೆ, ಮತ್ತು ಹಲ್ಲೆದ್ದ ಕತ್ತಿ. ಕ್ಷೌರಕ್ಕೆ ಅವನು ಕೊಡುತ್ತಿದ್ದ ಹಣ ಮಾತ್ರ ವ್ಯಾಪಾರಿ ಕೊಡುತ್ತಿದ್ದಷ್ಟೇ.

ಹಳೆಯ ಕತ್ತಿ ಅವನ ಗಡ್ಡವನ್ನು ಕತ್ತರಿಸುತ್ತಿರಲಿಲ್ಲ, ಕೀಳುತ್ತಿತ್ತು. ಪ್ರತಿ ಸಲ ನಾಲ್ಕಾರು ಗಾಯ. ಮರುದಿನ ಗೂಡಿನಲ್ಲಿ ಆ ಗಾಯಗಳಿಗೆ ಸುಣ್ಣ ಸೇರುತ್ತಿತ್ತು. ಗಾಯಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ಒಂದು ಭಾನುವಾರ ಅವನು ಬಂದಾಗ ದವಡೆಯ ಹತ್ತಿರ ಹುಣ್ಣಾಗಿ, ಅನ್ನ ಅಗಿಯಲೂ ಆಗುತ್ತಿರಲಿಲ್ಲ. ಇನ್ನೊಂದು ಹೊಸ ಗಾಯ ಕಂಡರೆ ಕೆಲಸಕ್ಕೆ ಬರಬೇಡವೆಂದು ಮೇಸ್ತ್ರಿ ಹೇಳಿದ್ದ. ಗಡ್ಡ ಉಳಿಸಿಕೊಂಡು ಹೋದರೂ ಬಾಗಿಲಲ್ಲೇ ತಡೆಯುತ್ತಿದ್ದ. ಅಂದರೆ ಅವನ ಮನೆಯ ಒಲೆ ಉರಿಯುವುದು ಆ ದಿನದ ಕ್ಷೌರದ ಮೇಲೆ ನಿಂತಿತ್ತು.

ಕೂಲಿಯವನು ಮೊದಲು ಬಂದಿದ್ದ. ಆದರೂ ಆಮೇಲೆ ಬಂದ ವ್ಯಾಪಾರಿಯೇ ಮೊದಲು ಕೂತ. ಒಂದು ಕೆನ್ನೆ ಮುಗಿಯಿತು. ಕೂಲಿಯವನು ಅದನ್ನು ನೋಡುತ್ತ ನಿಂತಿದ್ದ. ಕೊನೆಗೆ, ಇವತ್ತೊಂದು ದಿನ ತನಗೂ ಆ ಕತ್ತಿಯನ್ನೇ ಹಾಕಬೇಕೆಂದು ಕೇಳಿದ.

ವ್ಯಾಪಾರಿಗೆ ನಗು ಬಂತು. ಸುಣ್ಣ ಸುಡುವವನಿಗೆ ಮದುವಣಿಗನ ಕ್ಷೌರ ಬೇಕಂತೆ ಎಂದು ನೊರೆ ಹಾರುವಂತೆ ನಕ್ಕ.

“ಇದು ನಾಜೂಕಿನ ಕತ್ತಿ, ಮಾರಾಯ. ನಿನ್ನ ಗಡ್ಡಕ್ಕೆ ಹಾಕಿದರೆ ಅಲಗು ಹೋಗುತ್ತದೆ,” ಎಂದ ಕ್ಷೌರಿಕ.

“ಅಲಗು ಹೋದರೆ ಸಾಣೆ ಹಿಡಿಯುತ್ತೀ, ಅಣ್ಣಾ. ನನ್ನ ಮುಖಕ್ಕೆ ಸಾಣೆ ಹಿಡಿಯುವ ಕಲ್ಲು ನಿನ್ನ ಹತ್ತಿರ ಇದೆಯಾ?” ಎಂದ ಕೂಲಿಯವನು. ನನಗೆ ಹಳೆಯ ಕತ್ತಿಯೇ ಸಾಕೆನ್ನುವುದಾದರೆ ಅದನ್ನು ನಿನ್ನ ಕೆನ್ನೆಗೇ ಒಂದು ಸಲ ಹಾಕಿ ತೋರಿಸು ಎಂದೂ ಕೇಳಿದ.

ವ್ಯಾಪಾರಿಯ ಎದುರಿನಲ್ಲಿ ಈ ಮಾತು ಕೇಳಿ ಕ್ಷೌರಿಕ ಕೆರಳಿದ. ಊರಿನವರ ಗಡ್ಡ ಬೋಳಿಸುವವನಿಗೆ ತನ್ನ ಗಡ್ಡಕ್ಕೆ ಬಿಡುವು ಇರುವುದಿಲ್ಲ. ಅವನದು ಐದು ದಿನದ ಗಡ್ಡವಾಗಿತ್ತು. ಬಟ್ಟಲಿನ ತಳದ ನೊರೆಯನ್ನೇ ಬಳಿದುಕೊಂಡು, ಹಳೆಯ ಕತ್ತಿಯನ್ನು ಕೆನ್ನೆಗಿಟ್ಟು ಎಳೆದ. ಅರ್ಧ ಎಳೆಯುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು, ರಕ್ತವೂ ಬಂತು. ಆಗ ಅವನ ಕೈ, ಅವನು ಹೇಳದೆಯೇ, ಹಳೆಯ ಕತ್ತಿಯನ್ನು ಕೆಳಗಿಟ್ಟು ಹೊಸ ಕತ್ತಿಯ ಕಡೆಗೆ ಹೋಯಿತು.

ಕೂಲಿಯವನು ಅದನ್ನು ನೋಡಿದ. ಅವನು ನೋಡಿದ್ದನ್ನು ಕ್ಷೌರಿಕನೂ ನೋಡಿದ. ಚಾಚಿದ ಕೈ ಹಾಗೆಯೇ ನಿಂತುಬಿಟ್ಟಿತು.

ಕ್ಷೌರಿಕ ಹಳೆಯ ಕತ್ತಿಯನ್ನು ಕುದಿಯುವ ನೀರಿನಲ್ಲಿ ತೊಳೆದ, ಸಾಣೆಗೆ ನಾಲ್ಕು ಸಲ ಎಳೆದ, ಆದರೂ ಹಲ್ಲುಗಳು ಹೋಗಲಿಲ್ಲ. ವ್ಯಾಪಾರಿಯ ಉಳಿದ ಕೆನ್ನೆಯನ್ನು ಅದರಲ್ಲಿಯೇ ಬೋಳಿಸಿದ. ಒಂದು ಗೀರೂ ಬೀಳಲಿಲ್ಲ, ಕಣ್ಣು ಮುಚ್ಚಿ ಕೂತಿದ್ದ ವ್ಯಾಪಾರಿಗೆ ಕತ್ತಿ ಬದಲಾದದ್ದು ತಿಳಿಯಲೂ ಇಲ್ಲ. ವ್ಯಾಪಾರಿ ಎಂದಿನಂತೆ ಎರಡೂ ಕೆನ್ನೆ ಸವರಿಕೊಂಡು ಭೇಷ್ ಎಂದ. ಮೆತ್ತಗಿನ ಗಡ್ಡಕ್ಕೆ ಯಾವ ಕತ್ತಿಯಾದರೂ ನಡೆಯುತ್ತದೆ. ಇಷ್ಟು ವರ್ಷ ಆ ಒಳ್ಳೆಯ ಕತ್ತಿ ಅವನಿಗೆ ಬೇಕಾಗಿಯೇ ಇರಲಿಲ್ಲ, ಅವನಿಗೆ ಬೇಕಾಗಿದ್ದುದು ಅದು ಇನ್ನೊಬ್ಬನಿಗೆ ಇಲ್ಲ ಎನ್ನುವುದು.

ಆಮೇಲೆ ಕ್ಷೌರಿಕ ಕೂಲಿಯವನನ್ನು ಕೂರಿಸಿ, ಬಿಸಿನೀರಿನ ಬಟ್ಟೆಯನ್ನು ಮುಖಕ್ಕೆ ಸುತ್ತಿ, ಗಡ್ಡ ಮೆತ್ತಗಾಗುವವರೆಗೆ ಕಾದ. ಹೊಸ ಕತ್ತಿಯನ್ನು ಕೈಗೆತ್ತಿಕೊಂಡ. ಅದನ್ನು ಕಂಡ ವ್ಯಾಪಾರಿ, ಅವನಿಗೆ ತಾಗಿದ ಕತ್ತಿ ಇನ್ನು ತನಗೆ ತಾಗಕೂಡದು, ಈ ಮೆಟ್ಟಿಲನ್ನೇ ಹತ್ತುವುದಿಲ್ಲ ಎಂದು ಹೇಳಿ ಹೊರಟುಹೋದ. ಕ್ಷೌರಿಕ ತಿರುಗಿ ನೋಡಲಿಲ್ಲ. ಹುಣ್ಣಿನ ಸುತ್ತ ಕೂದಲೆಳೆಯಷ್ಟು ಜಾಗ ಬಿಟ್ಟು ಬೋಳಿಸಿದ. ನಡುವೆ ಮೂರು ಸಲ ನಿಲ್ಲಿಸಿ, ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜಬೇಕಾಯಿತು. ಒಂದು ಹನಿ ರಕ್ತವೂ ಬರಲಿಲ್ಲ. ಸೋಮವಾರ ಮೇಸ್ತ್ರಿ ಮುಖ ನೋಡಿ ಅವನನ್ನು ಒಳಗೆ ಬಿಟ್ಟ. ಅಂದಿನಿಂದ ಪ್ರತಿ ಭಾನುವಾರ ಗೂಡಿನ ಕೂಲಿಯವರೆಲ್ಲ ಆ ಕ್ಷೌರಿಕನ ಮುಂದೆ ಸಾಲಾಗಿ ಕೂರತೊಡಗಿದರು.

ಗುರುಗಳು ಕತೆ ನಿಲ್ಲಿಸಿದರು. ಅಡವೀಶನಿಗೆ ಒಂದು ಸಂಶಯ ಉಳಿದಿತ್ತು.

“ಅಷ್ಟು ಜನರ ಒರಟು ಗಡ್ಡಕ್ಕೆ ಹಾಕಿದ ಮೇಲೆ ಆ ಒಳ್ಳೆಯ ಕತ್ತಿ ಸವೆದುಹೋಗಲಿಲ್ಲವೇ, ಗುರುಗಳೇ?”

“ಸವೆಯಿತು. ಮತ್ತೆ ಅದನ್ನು ಕೊಂಡಿದ್ದು ಯಾತಕ್ಕೆ?”