ಡಾಂಬರು ದಾರಿಗೆ ಒಂದು ತಂಬಿಗೆ ನೀರು

ನದಿಯ ದಂಡೆಯ ಮೇಲೊಂದು ಆಶ್ರಮ. ಹೆಬ್ಬಾಗಿಲಿನಿಂದ ಪ್ರಾರ್ಥನೆಯ ಮನೆಯವರೆಗೆ ಒಂದು ಡಾಂಬರು ದಾರಿ. ಹೆಬ್ಬಾಗಿಲಲ್ಲೇ ಚಪ್ಪಲಿ ಬಿಡಬೇಕು, ಅಲ್ಲಿಂದಾಚೆ ಬರಿಗಾಲು. ಗುರುಗಳಿಗೂ ಅದೇ ನಿಯಮ, ಕಾರಿನಲ್ಲಿ ಬಂದ ಸಾಹುಕಾರರಿಗೂ ಅದೇ.

ಗುರುಗಳ ಹೆಸರು ರೇವಯ್ಯ. ಆದರೆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವರು ಅಜ್ಜಾರು.

ಶಿಷ್ಯ ಅಡಿವೆಪ್ಪ. ಅವನು ಆಶ್ರಮಕ್ಕೆ ಬಂದ ವರ್ಷವೇ ಆ ದಾರಿ ಆದದ್ದು. ಬಿಸಿಲಲ್ಲಿ ಮುಂದೆ ನಿಂತು ಮಾಡಿಸಿದವನೂ ಅವನೇ.

ಆಗ ದಾರಿ ಕಾಡಿಗೆಯಷ್ಟು ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಅಡಿವೆಪ್ಪನೂ ಹೊಸಬ. ಪ್ರಾರ್ಥನೆಗೆ ಕುಳಿತರೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಎದೆಯೊಳಗೆ ಏನೋ ಉರಿಯುತ್ತಿತ್ತು, ಆ ಉರಿ ಅವನಿಗೆ ಬಹಳ ಹಿತವಾಗಿತ್ತು.

ಈಗ ದಾರಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಅಡಿವೆಪ್ಪ ಪ್ರಾರ್ಥನೆಗೆ ಕೂಡುತ್ತಿದ್ದ, ಮುಗಿದ ಮೇಲೆ ಏಳುತ್ತಿದ್ದ, ಅಷ್ಟೇ. ಕಣ್ಣಲ್ಲಿ ನೀರಿಲ್ಲ, ಎದೆಯಲ್ಲಿ ಉರಿಯಿಲ್ಲ.

ಇದನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ತಾನೆ ಯಾರಾದರೂ ಸಮಾಧಾನ ಮಾಡುವುದು? ಬೆಳಕು ಆರಿಹೋದವನು ಆಶ್ರಮದ ಅನ್ನ ಉಣ್ಣಬಾರದು ಎಂದು ತಾನೇ ತೀರ್ಪು ಕೊಟ್ಟುಕೊಂಡ. ಎರಡು ಧೋತರ, ಒಂದು ಹಳೆಯ ಅಂಗಿ, ಒಂದು ಹರಕು ಪಂಚೆ ಸುತ್ತಿ ಗಂಟು ಕಟ್ಟಿ ಮಂಚದ ಕೆಳಗೆ ತಳ್ಳಿದ.

ಹೋಗುವ ಮುನ್ನ ದಾರಿಯನ್ನಾದರೂ ಮೊದಲಿನಂತೆ ಮಾಡಿ ಹೋಗಬೇಕು ಎಂಬುದು ಅವನ ಆಸೆ. ತನಗೆ ಬಳಿದುಕೊಳ್ಳಲಾಗದ ಹೊಳಪನ್ನು ಮನುಷ್ಯ ಬೇರೆ ಯಾವುದಕ್ಕಾದರೂ ಬಳಿಯಲು ನೋಡುತ್ತಾನೆ. ಅನುಕೂಲವೂ ತಾನಾಗಿ ಒದಗಿ ಬಂತು.

ಭಕ್ತನೊಬ್ಬ ರಸ್ತೆ ಕೆಲಸದ ಗುತ್ತೇದಾರ. ಪಕ್ಕದ ಊರಿನ ಕೆಲಸ ಮುಗಿಸಿ, ಉಳಿದ ಡಾಂಬರು, ಆಳು, ಯಂತ್ರ ಎಲ್ಲ ಹತ್ತಿರದಲ್ಲೇ ಇಟ್ಟುಕೊಂಡಿದ್ದ.

"ಮ್ಯಾಲ ತೆಳ್ಳಗ ಒಂದು ಸೀಲ್ ಕೋಟ್ ಬಳದ್ರ ದಾರಿ ಹೊಸದರಂಗ ಆಗ್ತೈತ್ರಿ," ಎಂದಿದ್ದ ಅವನು. "ಸಂಜೀಕ ಹೂಂ ಅನ್ರಿ, ಬೆಳಿಗ್ಗೆ ಶುರು ಮಾಡ್ತೀನಿ."

ಅಡಿವೆಪ್ಪ ಅಜ್ಜಾರ ಬಳಿ ಹೋದ. ಅವರು ಕಟ್ಟೆಯ ಮೇಲೆ ಕುಳಿತು ಹೆಸರುಕಾಳು ಹಸನು ಮಾಡುತ್ತಿದ್ದರು.

"ಅಜ್ಜಾರ, ದಾರಿಗೆ ಸೀಲ್ ಕೋಟ್ ಹಾಕಸೂಣೇನ್ರಿ?"

"ಯಾಕ?"

"ಬೆಳ್ಳಗಾಗೇತ್ರಿ. ಮೊದಲಿನ ಕಪ್ಪು ಉಳದಿಲ್ಲ."

"ಕಪ್ಪು ಹೋದಮ್ಯಾಲ ಅದು ಪ್ರಾರ್ಥನಾ ಮನೀಗೆ ಮುಟ್ಟಸೂದು ಬಿಟ್ಟೈತೇನು?"

"ಬಿಟ್ಟಿಲ್ರಿ. ಆದ್ರ ನೋಡಿದವರು ಏನಂದಾರು? ಹಿಂಗ ಬಿಟ್ರ ಹಾಳಾಗಿ ಹೋಗ್ತೈತಿ."

"ಯಾವುದು?" ಅಜ್ಜಾರು ಕಾಳಿನಿಂದ ತಲೆ ಎತ್ತಲಿಲ್ಲ.

"ದಾರಿ, ರೀ."

"ಹಂಗೋ," ಎಂದು ಅವರು ಒಂದು ಕಲ್ಲು ಆರಿಸಿ ಆಚೆ ಎಸೆದರು. "ಸೂರ್ಯ ನೆತ್ತಿ ಮ್ಯಾಲ ಬಂದಾಗ ದಾರಿ ಹಂತೇಕ ಬಾ. ಬರುವಾಗ ಒಂದು ತಂಬಿಗಿ ನೀರು ತಗೊಂಡು ಬಾ."

ಅಡಿವೆಪ್ಪನಿಗೆ ಒಳಗೊಳಗೇ ಸಿಟ್ಟು ಬಂತು. ಗುತ್ತೇದಾರನಿಗೆ ಬೇಕಾದದ್ದು ಹೂಂ ಅಥವಾ ಊಹೂಂ. ಅಷ್ಟಕ್ಕೆ ಇಷ್ಟು ಸುತ್ತು ಬಳಸು ಯಾಕೆ? ಆದರೂ ನೀರು ತಂದ.

ಅಜ್ಜಾರು ತಲೆಯ ಮೇಲೊಂದು ಪಂಚೆ ಹಾಕಿಕೊಂಡು ದಾರಿಯ ನಡುವೆ ನಿಂತಿದ್ದರು.

"ಸುರಿ."

"ಎಲ್ಲಿ ಸುರೀಲ್ರಿ?"

"ಈ ಬಿಸಿಲಿಗೆ ನನ್ನ ತಲೀ ಮ್ಯಾಲ ಸುರದ್ರೂ ನಡೀತಿತ್ತು. ಇರಲಿ, ದಾರಿ ಮ್ಯಾಲ ಸುರಿ."

ಅಡಿವೆಪ್ಪ ಒಂದಷ್ಟು ನೀರು ಸುರಿದ. ಬೂದುಬಣ್ಣದ ಡಾಂಬರಿನ ಮೇಲೆ ನೀರು ಹನಿಹನಿಯಾಗಿ ನಿಂತಿತು, ಆಮೇಲೆ ಇಳಿಜಾರು ಹಿಡಿದು ಅಂಚಿಗೆ ಹರಿದು ಹೋಯಿತು. ಒಳಗೆ ಇಂಗಲಿಲ್ಲ.

"ಕುಡೀತೇನು?"

"ಇಲ್ರಿ."

"ಮ್ಯಾಲಿನ ಡಾಂಬರು ಇನ್ನೂ ಗಟ್ಟಿ ಐತಿ, ಅದಕ್ಕ ನೀರಡಿಕಿ ಆಗೇ ಇಲ್ಲ. ನೀನ ಸುಮ್ಮನ ಗಾಬರಿ ಆಗಾಕತ್ತಿ." ಅವರು ನಾಲ್ಕು ಹೆಜ್ಜೆ ಮುಂದೆ ಹೋಗಿ ಒಂದು ಬಿರುಕಿನ ಬಳಿ ನಿಂತರು. "ಇಲ್ಲಿ ಸುರಿ."

ಬಿರುಕು ನೀರನ್ನು ಗಟಗಟ ಕುಡಿಯಿತು. ಇನ್ನಷ್ಟು ಸುರಿದ, ಅದನ್ನೂ ಕುಡಿಯಿತು.

"ಇಲ್ಲಿ ಕುಡೀತೈತ್ರಿ," ಎಂದ ಅಡಿವೆಪ್ಪ. "ಮಳಿಗಾಲಕ್ಕ ಇದರಾಗ ನೀರು ಹೊಕ್ಕರ ಬುಡಾನ ಕಿತ್ತು ಹೋಗ್ತೈತಿ. ಬಿರುಕು ತುಂಬಲೇಬೇಕ್ರಿ."

"ನಾ ಬ್ಯಾಡ ಅಂದ್ನೇನು?"

"ಮತ್ತ ಮ್ಯಾಲಿನ ಕಪ್ಪು?"

ಅಜ್ಜಾರು ಅವನ ಪಾದದ ಕಡೆ ನೋಡಿದರು. "ಆವಾಗಿನಿಂದ ಬರಿಗಾಲಾಗ ನಿಂತಿ. ಕಾಲು ಸುಡವಲ್ದೇನು?" ಎಂದು ಕೇಳಿದರು.

ಅಡಿವೆಪ್ಪ ತನ್ನ ಕಾಲನ್ನು ತಾನೇ ಬೆರಗಿನಿಂದ ನೋಡಿಕೊಂಡ. "ಬೆಚ್ಚಗೈತ್ರಿ. ಸುಡವಲ್ದು."

"ಮೊದಲನೇ ಬ್ಯಾಸಗ್ಯಾಗ ಹೆಂಗಿತ್ತು?"

ಅವನಿಗೆ ಗೊತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಮಧ್ಯಾಹ್ನವೆಲ್ಲ ಕೋಣೆಯ ಬಾಗಿಲು ಹಾಕಿಕೊಂಡು ಧ್ಯಾನಕ್ಕೆ ಕೂಡುತ್ತಿದ್ದ. ಹೊರಗೆ ಯಾರ ಕಾಲು ಹೇಗಿತ್ತು ಎಂದು ನೋಡಲು ಅವನಿಗೆಲ್ಲಿಯ ಪುರುಸೊತ್ತು?

ಅಷ್ಟರಲ್ಲಿ ಹೆಬ್ಬಾಗಿಲಲ್ಲಿ ಕಾಶವ್ವ ಚಪ್ಪಲಿ ಬಿಟ್ಟಳು. ಊರಿನ ಮುದುಕಿ, ಆಗಾಗ ಆಶ್ರಮದ ಅಡುಗೆಗೆ ಸೊಪ್ಪು ತಂದು ಕೊಡುವವಳು. ಕಂಕುಳಲ್ಲಿ ಮೆಂತ್ಯದ ಕಟ್ಟು ಹಿಡಿದು ದಾರಿಯ ನಟ್ಟನಡುವೆ ನಿಧಾನವಾಗಿ ನಡೆದು ಬಂದಳು.

"ಕಾಶವ್ವಾ, ಈ ದಾರಿ ಹೊಸದಿದ್ದಾಗ ಹೆಂಗ ಬರ್ತಿದ್ದಿ?" ಎಂದು ಅಜ್ಜಾರು ಕೇಳಿದರು.

"ಅಯ್ಯ, ಅದನ್ನೇನ ಕೇಳ್ತೀರಿ ಅಜ್ಜಾರ! ಕಾದ ಹೆಂಚಿನ ಮ್ಯಾಲ ಕಾಲಿಟ್ಟಂಗ ಆಗ್ತಿತ್ತು. ಬಾಜೂಕ ಮಣ್ಣಾಗ ನಡಕೋಂತ ಬರ್ತಿದ್ವಿ. ನೆಗ್ಗಿಲಮುಳ್ಳು ಚುಚ್ಚಿದ್ರೂ ಅದ ಪಾಡಿತ್ತು."

ಅಡಿವೆಪ್ಪ ದಾರಿಯ ಬದಿಗೆ ತಿರುಗಿ ನೋಡಿದ. ಅಲ್ಲೊಂದು ಸವೆದ ಕಾಲುದಾರಿ ಇದ್ದದ್ದು ನೆನಪಾಯಿತು. ಇಷ್ಟು ಚೆಂದದ ದಾರಿ ಬಿಟ್ಟು ಮಣ್ಣು ತುಳಿಯುತ್ತಾರಲ್ಲ, ಬುದ್ಧಿಗೇಡಿಗಳು ಎಂದು ಬೈದು, ಜಾಲಿಯ ಮುಳ್ಳು ತಂದು ಅಡ್ಡ ಬಡಿದಿದ್ದವನು ಅವನೇ. ಈಗ ಆ ಕಾಲುದಾರಿಯ ಗುರುತೂ ಉಳಿದಿರಲಿಲ್ಲ. ಅದರ ಮೇಲೆಲ್ಲ ಹುಲ್ಲು ಬೆಳೆದಿತ್ತು. ಜನ ಯಾವಾಗ ಡಾಂಬರಿನ ಮೇಲೆ ಬಂದರೋ ಅವನು ಗಮನಿಸಿಯೇ ಇರಲಿಲ್ಲ.

ಕಾಶವ್ವ ಅವನ ಕಡೆ ತಿರುಗಿದಳು. "ಯಪ್ಪಾ, ನಿಮ್ಮನ್ನ ಕಾಣಾಕಂತನ ಬಂದೇನಿ. ಮಗ ನನ್ನ ಕೂಡ ಮಾತು ಬಿಟ್ಟಾನ. ಒಂದೀಟು ಕುಂತು ಕೇಳ್ತೀರೇನು?"

"ಅಜ್ಜಾರು ಇಲ್ಲೇ ಅದಾರಲ್ಲ ಯವ್ವಾ. ಅವರ ಮುಂದ ಹೇಳು."

"ಅಜ್ಜಾರು ದೊಡ್ಡವರು. ಒಗಟು ಹಾಕಿದಂಗ ಮಾತಾಡ್ತಾರ, ನನಗ ತಿಳಿಯೂದಿಲ್ಲ."

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವರು ನಕ್ಕದ್ದು ಕಂಡು ಮುದುಕಿಗೆ ಧೈರ್ಯ ಬಂತು. "ಖರೇ ಹೇಳಬೇಕಂದ್ರ ಯಪ್ಪಾ, ಮೊದಲ ನಿಮ್ಮನ್ನ ಕಂಡ್ರ ಹೆದರಿಕಿ ಆಗ್ತಿತ್ತು. ಪ್ರಾರ್ಥನಾದಾಗ ಯಾರರ ತೂಕಡಿಸಿದ್ರ ಎಲ್ಲಾರ ಮುಂದ ಬೈದು ಬಿಡ್ತಿದ್ರಿ. ನೀವು ಮುಂದಿನ ಬಾಗಲದಾಗ ನಿಂತಿದ್ರ ನಾವು ಹಿತ್ತಲದಿಂದ ಒಳಗ ಹೋಗ್ತಿದ್ವಿ. ಈಗ ಹಂಗಿಲ್ಲ ಬಿಡ್ರಿ. ಈಗ ನಿಮ್ಮ ಹಂತೇಕ ಕುಂತ್ರ ಮನಸಿಗೆ ತಂಪಾಗ್ತೈತಿ."

ಹೇಳಬಾರದ್ದು ಹೇಳಿದೆನೋ ಎಂದು ಅವಳು ನಾಲಿಗೆ ಕಚ್ಚಿಕೊಂಡಳು.

ಅಡಿವೆಪ್ಪನಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ, ಯಾವ ಮುನ್ಸೂಚನೆಯೂ ಇಲ್ಲದೆ, ದೊಡ್ಡದೊಂದು ಸಂತೋಷವೂ ಆಯಿತು. ಪ್ರಾರ್ಥನೆಯಲ್ಲಿ ಎಷ್ಟು ಕೂತರೂ ಬಾರದ ಕಣ್ಣೀರು ಉರಿಬಿಸಿಲಲ್ಲಿ, ಮೆಂತ್ಯದ ಕಟ್ಟಿನ ಎದುರು ಬಂತು.

"ಅಡಗಿ ಮನ್ಯಾಗ ಮಜ್ಜಿಗಿ ಐತಿ, ಕುಡಕೋಂತ ಕುಂತಿರು ಯವ್ವಾ," ಎಂದ. "ಈಗ ಬಂದೆ."

ಕಾಶವ್ವ ಹೋದಳು. ಸುರಿದ ನೀರು ಆಗಲೇ ಒಣಗಿತ್ತು.

"ಗುತ್ತೇದಾರಗ ಏನ ಹೇಳ್ತಿ?" ಎಂದರು ಅಜ್ಜಾರು.

"ಬಿರುಕಿನಷ್ಟ ತುಂಬಿಸಿಕೊಡ್ರಿ, ಮ್ಯಾಲ ಬಳಿಯೂದು ಸದ್ಯಕ್ಕ ಬ್ಯಾಡ ಅಂತೀನ್ರಿ. ಅವನ ಆಳು ಯಾಕ, ಡಾಂಬರು ಕೊಟ್ರ ನಾನ ತುಂಬ್ತೀನಿ."

"ಮುಂದ ಎಂದರ ದಾರಿಗೆ ನೀರಡಿಕಿ ಆದ್ರ?"

"ಆವಾಗ ಬಳಿಸೂಣ್ರಿ. ವರ್ಷಾ ವರ್ಷಾ ಬ್ಯಾಸಗ್ಯಾಗ ತಂಬಿಗಿ ತಗೊಂಡು ಬಂದು ನೋಡ್ತೀನಿ."

"ವರ್ಷಾ ವರ್ಷಾ?"

ತನ್ನ ಬಾಯಿಂದ ಬಂದ ಮಾತು ಅಡಿವೆಪ್ಪನಿಗೇ ಈಗ ಕೇಳಿಸಿತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ಅನ್ನಿಸಲಿಲ್ಲ.

"ಹೌದ್ರಿ," ಎಂದ. ಆಮೇಲೆ ತಲೆ ತಗ್ಗಿಸಿದ. "ಅಜ್ಜಾರ, ನಿಮಗೊಂದು ಮಾತು ಹೇಳಬೇಕಿತ್ತು. ನನ್ನ ಮಂಚದ ಕೆಳಗ..."

"ಗೊತ್ತೈತಿ. ನಿನ್ನ ಕೋಣಿ ಗುಡಿಸೂವಾಗ ಕಸಬರಗಿಗೆ ಬಡೀತು."

ಅಡಿವೆಪ್ಪನಿಗೆ ಭೂಮಿಗಿಳಿದು ಹೋದಂತಾಯಿತು. ಗಂಟನ್ನು ಕಂಡೂ ಅಜ್ಜಾರು ಇಷ್ಟು ದಿನ ಒಂದು ಮಾತು ಆಡಿರಲಿಲ್ಲ.

"ಈಗ ಹೋಗಿ ಬಿಚ್ಚಿ ಇಡ್ಲೇನ್ರಿ?"

"ಬ್ಯಾಡ, ಹಂಗ ತಗೊಂಡು ಬಾ," ಎಂದರು ಅಜ್ಜಾರು. "ಬಿರುಕು ತುಂಬುವಾಗ ಕೈಗೆಲ್ಲಾ ಡಾಂಬರು ಹತ್ತತೈತಿ. ಒರಸಿಕೊಳ್ಳಾಕ ನಮಗಿಬ್ಬರಿಗೂ ಹಳೇ ಅರಿವಿ ಬಟ್ಟಿ ಬೇಕು."